ಹನ್ನೊಂದು ಮಿಲಿಮೀಟರು

ಲಿಯೆಪಾಯದಲ್ಲಿ ಗಾಳಿಗೆ ರಜೆಯಿಲ್ಲ.
ಬಂದರಿನಿಂದ ಅದನ್ನು ಬೆನ್ನಿಗೆ ಕಟ್ಟಿಕೊಂಡೇ
ಬಂದ ಓಯಾರ್ಸ್, ಹನ್ನೆರಡು ವರ್ಷದ ಮೇಲೆ.
ಕೈಗಾಡಿಯಲ್ಲಿ ಒಂದು ಜಾವಾ ಚಾಸಿ,
ಎಪ್ಪತ್ನಾಲ್ಕರದು, ಕೆಂಪು ಅಲ್ಲಲ್ಲಿ ಹಕ್ಕಳೆಯೆದ್ದದ್ದು.
ಮೇಲೆ, ಗೋಣಿಯಲ್ಲಿ ಸುತ್ತಿ,
ಯಾವುದೋ ಸುಜುಕಿಯ ಇಡೀ ಮುಂಭಾಗ,
ಜರ್ಮನಿಯ ಗುಜರಿಯದು.

"ಇದಕ್ಕೆ ಅದನ್ನು ಕೂಡಿಸಬೇಕು, ವಿಜ್ಮಾ."

ಯಾಕೆಂದು ಕೇಳಲಿಲ್ಲ. ಕೈಗವಸು ತೆಗೆದ.
ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು,
ಅಷ್ಟೇ.
ಮಿಕ್ಕಿದ್ದನ್ನು ಬಲೆ ಎಳೆಯುವ ರಾಟೆ ಎಳೆದುಕೊಂಡಿದೆ.
ಹಳೆಯ ಡ್ರಮ್ ಬ್ರೇಕು ಇಡೀ ಮುಷ್ಟಿ ಕೇಳುತ್ತದೆ;
ಡಿಸ್ಕಿಗೆ ಒಂದು ಬೆರಳು ಸಾಕು.

ಲೇತಿನ ಮೇಲೆ ಮಲಗಿದ್ದ ಬೆಕ್ಕನ್ನು ಇಳಿಸಿದೆ.

ಉಕ್ಕಿನ ಕಾರ್ಖಾನೆ ಬಾಗಿಲು ಹಾಕಿದ ದಿನ
ಬಾಕಿ ಸಂಬಳದ ಬದಲು ಕೇಳಿ ತಂದ ಲೇತು ಇದು.
ಒಂದು ಕಡೆ ಸವೆದಿದೆ. ಅದು ಎಷ್ಟು ಸುಳ್ಳು ಹೇಳುತ್ತದೆ
ನನಗೆ ಗೊತ್ತು;
ಅಷ್ಟನ್ನು ಕಳೆದು ನಂಬುತ್ತೇನೆ.

ಅಳತೆ ಹಿಡಿದರೆ ಕಂಡರಾಗದ ಬೀಗರು ಎರಡೂ.
ಚಾಸಿಯ ಕತ್ತು ಉದ್ದ, ಸುಜುಕಿಯ ದಂಡ ಗಿಡ್ಡ,
ಹನ್ನೊಂದು ಮಿಲಿಮೀಟರು.
ಇದು ಬಿಡಿ ಗುಂಡುಗಳ ಕಾಲದ್ದು, ಅದು ಓರೆ ರೋಲರಿನದು.
ಹಳೆಯ ಕೋನ್‌ಸೆಟ್ಟಿನ ಬಟ್ಟಲು ಹೊಡೆದು ತೆಗೆದೆ,
ಇಪ್ಪತ್ತೊಂದು ಗುಂಡುಗಳು ನೆಲದ ತುಂಬ ಓಡಿದವು.
ಓಯಾರ್ಸ್ ಮೊಣಕಾಲೂರಿ ಹೆಕ್ಕಿದ,
ಎರಡೇ ಬೆರಳಲ್ಲಿ, ಒಂದೊಂದಾಗಿ.
ಮೊದಲಾಗಿದ್ದರೆ ಬಿಡು ಅನ್ನುತ್ತಿದ್ದ,
ಗುಡಿಸುತ್ತಿದ್ದವಳು ನಾನು.

ಹೊಸ ದಂಡ ಕಡೆದೆ. ಸುರುಳಿ ಸುರುಳಿ ನೀಲಿ ಇಳಿಯಿತು.
ನೊಗದ ತೂತಿಗಿಂತ ಅದು ತುಸು ದಪ್ಪವಿರಬೇಕು,
ಕೂದಲೆಳೆಯಷ್ಟಲ್ಲ, ಕೂದಲನ್ನು ಸೀಳಿದ ಎಳೆಯಷ್ಟು,
ಮಿಲಿಮೀಟರಿನ ನೂರರಲ್ಲಿ ಮೂರು.
ಹೆಚ್ಚಾದರೆ ಅಲ್ಯೂಮಿನಿಯಂ ಬಿರಿಯುತ್ತದೆ,
ಕಡಿಮೆಯಾದರೆ ಒಂದು ದಿನ
ಯಾವುದೋ ತಿರುವಿನಲ್ಲಿ ಕೈಗೆ ಬರುತ್ತದೆ.

ರಾತ್ರಿ ದಂಡವನ್ನು ಹಿತ್ತಿಲ ಹಿಮದಲ್ಲಿ ಹೂತೆ.
ಬೆಳಿಗ್ಗೆ ರೈ ರೊಟ್ಟಿ ತೆಗೆದು
ಅದೇ ಒಲೆಯೊಳಗೆ ನೊಗ ಇಟ್ಟೆ.
ಒಂದು ಕುಗ್ಗಲಿ, ಒಂದು ಹಿಗ್ಗಲಿ.
ಹತ್ತು ಎಣಿಸುವುದರೊಳಗೆ ಮುಗಿಯಬೇಕು,
ಹಾಗಾಗಿ ಮಾತಿಗೆ ಹೊತ್ತಿರಲಿಲ್ಲ, ಅದೇ ಒಳ್ಳೆಯದು.
ಅವನು ಎಡಗೈಯ ಇಕ್ಕಳದಲ್ಲಿ ಹಿಡಿದ, ನಾನು ಇಳಿಬಿಟ್ಟೆ.

ಟಕ್.

ಚಿಲಕ ಹಾಕಿದ ಸದ್ದಲ್ಲ, ತೆಗೆದ ಸದ್ದೂ ಅಲ್ಲ.
ಇನ್ನು ಬಿಡಿಸಬೇಕೆಂದರೆ ಎರಡರಲ್ಲಿ ಒಂದು ಮುರಿಯಬೇಕು.
ಇಬ್ಬರೂ ಅದನ್ನೇ ನೋಡುತ್ತ ನಿಂತೆವು.
ರೊಟ್ಟಿಯ ವಾಸನೆಯಲ್ಲಿ ಗ್ರೀಸಿನ ವಾಸನೆ.

ಹ್ಯಾಂಡಲು ಪೂರ್ತಿ ತಿರುಗಿಸಿದರೆ ಟ್ಯಾಂಕಿಗೆ ಗುದ್ದುತ್ತಿತ್ತು;
ಇಲ್ಲಿಗೇ ಸಾಕು ಅನ್ನಲು ಎರಡು ತುಂಡು ಬೆಸೆದೆ.
ಮೂಗು ಎರಡು ಬೆರಳು ತಗ್ಗಿತು.
"ಇನ್ನು ಬೇಗ ತಿರುಗುತ್ತದೆ, ನೀನು ಯೋಚಿಸುವ ಮೊದಲೇ.
ಹಳೇ ಅಂದಾಜಿನಲ್ಲಿ ವಾಲಬೇಡ."
ಹೂಂ ಎಂದ. ಅವನ ಹೂಂ ನನಗೆ ಗೊತ್ತು.

ಬಿಲ್ಲು ಬರೆದೆ. ಬೇರಿಂಗು ಎರಡು, ಉಕ್ಕಿನ ಸರಳು, ಗ್ರೀಸು.
ಲೇತಿನ ನಾಲ್ಕು ಗಂಟೆಯನ್ನೂ ಬರೆದೆ.
ಬರೆಯದಿದ್ದರೆ ಅದು ಬೇರೆಯೇ ಮಾತಾಗುತ್ತಿತ್ತು.
ಎಣಿಸಿ ಕೊಟ್ಟ.

ಏಪ್ರಿಲ್ಲಿನಲ್ಲಿ ಎಂಜಿನ್ನು ಕೂರಿಸಿ ನನ್ನ ಬೀದಿಯಲ್ಲೇ ಓಡಿಸಿದ.
ಟ್ರಾಮಿನ ಹಳಿಯ ಬಳಿ ಒಂದು ಬೆರಳು ಮಡಚಿದ್ದಷ್ಟೇ,
ನೀರಿಗೆ ಬಗ್ಗಿದ ಕೊಕ್ಕರೆಯ ಹಾಗೆ
ಮುಂಭಾಗ ತಗ್ಗಿ ನಿಂತಿತು.
ಹಿಂಬದಿ ಚಕ್ರ ನೆಲ ಬಿಟ್ಟು ಒಂದು ಗೇಣು ಎದ್ದಿತು:
ಅದಕ್ಕಿನ್ನೂ ಸುದ್ದಿ ತಲುಪಿರಲಿಲ್ಲ.
ಅದೇ ಬೆರಳನ್ನು ನನ್ನ ಕಡೆ ಎತ್ತಿ ಏನೋ ಕೂಗಿದ.
ಗಾಳಿ.

ಗುಂಡುಗಳು ಜಾಮಿನ ಸೀಸೆಯಲ್ಲಿವೆ.
ಎಣಿಸಿದರೆ ಇಪ್ಪತ್ತು.
ಇನ್ನೊಂದು ಲೇತಿನ ಕೆಳಗೆಲ್ಲೋ ಇರಬೇಕು,
ಬೆಕ್ಕು ಆಗಾಗ ಅಲ್ಲಿಗೇ ಕೈ ಹಾಕುತ್ತದೆ.